ಸಕಾರಿಯಾಸನಿಗೆ ಬಂದ ಕಾಗದ

"ಮೊದಲು ಅದರ ಬಾಯಿ ಮುಚ್ಚಿಸು. ಕೇಕು ಆಮೇಲೆ ಹೆಚ್ಚಿದರಾಯ್ತು," ಎಂದಳು ಸೆವೆರಿನೆ, ಮಗಳ ಕಡೆ ತಿರುಗಿಯೂ ನೋಡದೆ.

ಕೂಸಿಗೆ ಆರು ವಾರ. ಆರು ವಾರವೂ ಅತ್ತಿತ್ತು. ಅವಿಯಾಯ ಅದನ್ನು ಹೆಗಲಿಗೇರಿಸಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿದ್ದಳು. ಹೊರಗೆ ಗ್ರೀನ್‌ಲ್ಯಾಂಡಿನ ಕೊಲ್ಲಿಯ ಹಿಮಗಡ್ಡೆಗಳ ನಡುವೆ ಪಾದ್ರಿಯ ದೋಣಿ ಬಂದು ನಿಂತಾಗಿತ್ತು. ಹನ್ನೊಂದಕ್ಕೆ ನಾಮಕರಣ. ಅದು ಮುಗಿದ ಮೇಲೆ ಊರಿನ ಎಪ್ಪತ್ತು ಜನವೂ ಬಾಗಿಲಲ್ಲಿ ಬೂಟು ಕಳಚಿ ಒಳಗೆ ನುಗ್ಗುತ್ತಾರೆ, ಮೂರು ಮೂರು ಚೂರು ಕೇಕು ತಿನ್ನುತ್ತಾರೆ, ತಿನ್ನುತ್ತಲೇ ಕಪಾಟಿನ ಮೇಲೆ ಧೂಳಿದೆಯೇ ಎಂದು ನೋಡುತ್ತಾರೆ. ಅಂಥವರಿಗಾಗಿ ಸೆವೆರಿನೆ ಎರಡು ದಿನದಿಂದ ಬೇಯಿಸುತ್ತಿದ್ದಳು. ಬೇಯಿಸುತ್ತಲೇ ಒಬ್ಬೊಬ್ಬರನ್ನೂ ಮನಸಾರೆ ಬೈದುಕೊಳ್ಳುತ್ತಿದ್ದಳು.

"ಹೆಸರಿಗೆ ಅಳ್ತಿದೆ ಅಂತಾರೆ ಅಜ್ಜಿಯರು," ಎಂದಳು ಅವಿಯಾಯ.

"ಹನ್ನೊಂದು ಗಂಟೆಗೆ ಸಿಗುತ್ತೆ. ಯೋನಾತಾನ್ ಅಂತ."

"ಅದಕ್ಕೆ ಬೇಕಾಗಿರೋದು ಆ ಹೆಸರಲ್ಲ ಅಮ್ಮ."

ಸೆವೆರಿನೆ ಒಲೆಯ ಪಕ್ಕದ ಮೊಳೆಯಿಂದ ಮಸಿ ಹಿಡಿದ ನೀಲಿ ಟೊಪ್ಪಿಯೊಂದನ್ನು ತೆಗೆದು, ಅದರಿಂದ ಕಾಫಿ ಪಾತ್ರೆಯ ಹಿಡಿ ಹಿಡಿದು ಕೆಳಗಿಳಿಸಿದಳು. "ಆ ಸುಳ್ಳುಗಾರನ ಹೆಸರು ನನ್ನ ಮನೆ ಕೂಸಿಗೆ ಬೇಡ. ಎಷ್ಟು ಸಲ ಹೇಳ್ಬೇಕು?"

ಮನೆಯಲ್ಲಿ ಯಾರಾದರೂ ಸತ್ತರೆ ಮುಂದೆ ಹುಟ್ಟುವ ಕೂಸಿಗೆ ಅವರ ಹೆಸರು. ಹೆಸರಿನ ಜೊತೆ ಸತ್ತವರೇ ಮನೆಗೆ ಮರಳುತ್ತಾರೆ. ಸೆವೆರಿನೆಯ ಗಂಡ ಸಕಾರಿಯಾಸ್ ಸತ್ತು ನಾಲ್ಕು ವರ್ಷ, ಆಮೇಲೆ ಹುಟ್ಟಿದ ಮೊದಲ ಕೂಸು ಇದು. ಆದರೂ ಅವಳು ಅಳಿಯನ ಕಡೆಯ ಯಾವನೋ ಚಿಕ್ಕಪ್ಪನ ಹೆಸರು ಹುಡುಕಿ ತಂದಿದ್ದಳು.

ಐವತ್ತೆರಡನೆಯ ವಯಸ್ಸಿಗೆ ಸಕಾರಿಯಾಸನ ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿತ್ತು. ದೋಣಿಯಲ್ಲಿ ಪಕ್ಕದ ಊರಿಗೆ ಒಯ್ದು ತೋರಿಸಿದಾಗ, ಎರಡು ವಾರದ ಬದಲಿ ಕೆಲಸಕ್ಕೆಂದು ಡೆನ್ಮಾರ್ಕ್‌ನಿಂದ ಬಂದಿದ್ದ ವೈದ್ಯನೊಬ್ಬ ಒಂದು ನಿಮಿಷ ಹೊಟ್ಟೆ ಅಮುಕಿ ನೋಡಿ, ದಿನಕ್ಕೆ ಎಷ್ಟು ಬಿಯರ್ ಎಂದು ಕೇಳಿದ. ಒಂದೂ ಇಲ್ಲ ಎಂದ ಸಕಾರಿಯಾಸ್. ವೈದ್ಯ ನಕ್ಕ. ಆ ನಗು ಇವರ ದೋಣಿಗಿಂತ ಮೊದಲೇ ಊರು ತಲುಪಿತು. ಸಂಬಳದ ದಿನ ಮೇಜಿನ ಮೇಲೇ ತಲೆಯಿಟ್ಟು ಮಲಗುವ ಜನ, ಜೀವಮಾನದಲ್ಲಿ ಲೋಟ ಮುಟ್ಟದವನನ್ನು ಕಳ್ಳಕುಡುಕ ಎಂದು ತೀರ್ಮಾನಿಸಿಬಿಟ್ಟರು.

ಸೆವೆರಿನೆ ಅವರಿಗಿಂತ ಒಂದು ಹೆಜ್ಜೆ ಮುಂದೆ. ಅವನು ನಿದ್ದೆಹೋದಾಗ ಬಾಯಿ ಮೂಸಿದಳು. ದೋಣಿಯ ಕೆಳಗೆ, ಮಾಂಸ ಒಣಗಿಸುವ ಕೊಟ್ಟಿಗೆಯಲ್ಲಿ, ನಾಯಿಬಂಡಿಯ ಪೆಟ್ಟಿಗೆಯಲ್ಲಿ ಬಾಟಲಿ ಹುಡುಕಿದಳು. ಒಂದೂ ಸಿಗಲಿಲ್ಲ. ಎಂಥ ಪಕ್ಕಾ ಕಳ್ಳ ಎಂದುಕೊಂಡಳು. "ಕುಡಿದಿಲ್ಲ ಕಣೇ," ಎಂದು ಅವನು ಹೇಳಿದಾಗಲೆಲ್ಲ ಸೀಲ್ ಮಾಂಸದ ಸಾರನ್ನು ಮುಂದೆ ಕುಕ್ಕಿ, ಬೆನ್ನು ತಿರುಗಿಸಿ ಕೂತಳು. ದೊಡ್ಡ ಊರಿನ ಆಸ್ಪತ್ರೆಗೆ ಅವನನ್ನು ಒಯ್ದ ಹೆಲಿಕಾಪ್ಟರಿನಲ್ಲಿ ಅವಳಿಗೂ ಜಾಗವಿತ್ತು. ಹೋಗಲಿಲ್ಲ. ಹನ್ನೊಂದನೆಯ ದಿನ ಅವನು ಅಲ್ಲೇ ಸತ್ತ.

ಬಾಗಿಲು ತೆರೆದು ಬೊಲೆಟ್ಟೆ ಒಳಗೆ ಬಂದಳು. ಅವಳು ಸಕಾರಿಯಾಸನ ತಂಗಿ. ಊರಿನ ಔಷಧಿ ಕೋಣೆ ನೋಡಿಕೊಳ್ಳುವವಳೂ ಅವಳೇ. ಅಣ್ಣನ ಮಣ್ಣಾದ ದಿನದಿಂದ ಈ ಹೊಸಿಲು ತುಳಿದಿರಲಿಲ್ಲ.

"ಕಾಫಿಗೆ ಇನ್ನೂ ಹೊತ್ತಿದೆ," ಎಂದಳು ಸೆವೆರಿನೆ.

"ನಿನ್ನ ಕಾಫಿ ಯಾರಿಗೆ ಬೇಕು ಅತ್ತಿಗೆ. ಅಣ್ಣನಿಗೆ ಕಾಗದ ಬಂದಿದೆ."

"ಯಾರಿಗೆ?"

"ನಿನ್ನ ಗಂಡನಿಗೆ. ಪಾದ್ರಿ ದೋಣೀಲೇ ಟಪಾಲೂ ಬಂತು."

ಗ್ರೀನ್‌ಲ್ಯಾಂಡಿನ ಭಾಷೆಯಲ್ಲಿ ಒಂದು ಹಾಳೆ, ಡೇನಿಷ್‌ನಲ್ಲಿ ಒಂದು ಹಾಳೆ. ಮಾನ್ಯ ಸಕಾರಿಯಾಸ್ ಅವರೇ. ಹದಿನೆಂಟು ವರ್ಷಗಳ ಹಿಂದೆ ನಮ್ಮ ಸಂಶೋಧನಾ ತಂಡಕ್ಕೆ ನೀವು ನೀಡಿದ ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕು ಕಂಡುಬಂದಿತ್ತು. ಈ ಸೋಂಕು ವರ್ಷಗಟ್ಟಲೆ ಸದ್ದಿಲ್ಲದೆ ಯಕೃತ್ತನ್ನು ಕೆಡಿಸಬಹುದು. ಮಾಹಿತಿ ತಿಳಿಸಲು ತಡವಾದುದಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ಬೇಗನೆ ತಪಾಸಣೆ ಮಾಡಿಸಿಕೊಳ್ಳಿ. ಮದ್ಯಪಾನ ಮಾಡಬೇಡಿ.

ಕೊನೆಯ ಸಾಲಿಗೆ ಬಂದಾಗ ಸೆವೆರಿನೆ ನಕ್ಕುಬಿಟ್ಟಳು. ಆ ನಗು ಅವಳಿಗೇ ಅಸಹ್ಯವಾಯಿತು.

"ಶಾಲೆ ಮನೇಲಿ ಸಾಲಾಗಿ ನಿಲ್ಲಿಸಿ ರಕ್ತ ಎಳೆದಿದ್ರಲ್ಲ, ಅದು," ಎಂದಳು ಬೊಲೆಟ್ಟೆ. "ಒಬ್ಬೊಬ್ಬರಿಗೂ ಒಂದು ಟೊಪ್ಪಿ ಕೊಟ್ಟು ಹೋದ್ರಲ್ಲ, ಅದು. ಗೊತ್ತಿದ್ದೂ ಪೆಟ್ಟಿಗೇಲಿಟ್ಟುಕೊಂಡು ಕೂತಿದ್ರು ಮಹಾಶಯರು. ಆಗಲೇ ಹೇಳಿದ್ರೆ ಆರಾರು ತಿಂಗಳಿಗೆ ನೋಡಿ ಮಾತ್ರೆ ಕೊಡಬಹುದಿತ್ತು. ನನಗೂ ಒಂದು ಬಂದಿದೆ, ಇದೇ ಸಾಲು. ಇಬ್ಬರಿಗೂ ಹುಟ್ಟುವಾಗ್ಲೇ ಅಮ್ಮನಿಂದ ಬಂದಿರ್ಬೇಕು. ಈಗ ಹುಟ್ಟಿದ ಕೂಸುಗಳಿಗೆ ಸೂಜಿ ಹಾಕೋದು ಇದಕ್ಕೇ."

ಸೆವೆರಿನೆ ಕೈಯಲ್ಲಿದ್ದ ಟೊಪ್ಪಿಯನ್ನು ನೋಡಿದಳು. ಅದರ ಮೇಲಿದ್ದ ಬಿಳಿ ಅಕ್ಷರಗಳು ಮಸಿಯಲ್ಲಿ ಎಂದೋ ಮುಚ್ಚಿಹೋಗಿದ್ದವು. ಸಕಾರಿಯಾಸ್ ಅದನ್ನು ಸಾಯುವ ವರ್ಷದವರೆಗೂ ಹಾಕಿಕೊಳ್ಳುತ್ತಿದ್ದ.

"ಅವರನ್ನ ನಾನು ಬೈದಾಯ್ತು. ನಿನ್ನನ್ನ ಬೈಯೋಕೆ ನನಗೆ ಮಾತೇ ಸಿಗ್ತಿಲ್ಲ ಅತ್ತಿಗೆ," ಎಂದು ಬೊಲೆಟ್ಟೆ ಕುರ್ಚಿ ಎಳೆದುಕೊಂಡು ಕೂತಳು.

ಚರ್ಚಿನಲ್ಲಿ ಪಾದ್ರಿ ಹೆಸರು ಕೇಳಿದಾಗ ಅವಿಯಾಯ ಬಾಯಿ ತೆರೆಯುವ ಮೊದಲೇ ಸೆವೆರಿನೆ ಎದ್ದು ನಿಂತು, "ಸಕಾರಿಯಾಸ್," ಎಂದಳು. ಪಾದ್ರಿ ಇಲ್ಲದಾಗ ಊರಿನ ಪ್ರಾರ್ಥನೆ ನಡೆಸುವ ಉಪದೇಶಿ ಗೇರ್ತ್ ಪುಸ್ತಕದಿಂದ ತಲೆಯೆತ್ತಿದ. ಸಕಾರಿಯಾಸನ ಶವಪೆಟ್ಟಿಗೆಯ ಮುಂದೆ ನಿಂತು ಮನುಷ್ಯನ ದೌರ್ಬಲ್ಯದ ಬಗ್ಗೆ ಕಾಲುಗಂಟೆ ಮಾತಾಡಿದ್ದವನು ಅವನೇ. ಸೆವೆರಿನೆ ಕಾಗದವನ್ನು ಅವನ ಮೂಗಿನ ಮುಂದೆ ಹಿಡಿದಳು.

"ಓದು."

ಅವನು ತುಟಿ ಅಲ್ಲಾಡಿಸಿಕೊಂಡು ಓದಿ ಕಾಗದ ಮಡಚಿದ. "ಇಷ್ಟು ವರ್ಷ ಆದ್ಮೇಲೆ ಯಾಕಮ್ಮ ಇದೆಲ್ಲ..."

"ಜೋರಾಗಿ ಓದು. ಅವತ್ತು ನಿನ್ನ ಗಂಟಲು ಚೆನ್ನಾಗೇ ಇತ್ತಲ್ಲ."

ಓದಿದ. ಹಿಂದಿನ ಬೆಂಚಿನವರಿಗೂ ಕೇಳಿಸಿತು. ಕೂಸಿನ ತಲೆಗೆ ನೀರು ಬಿತ್ತು, ಹೆಸರೂ ಬಿತ್ತು. ಅಳು ಮಾತ್ರ ನಿಲ್ಲಲಿಲ್ಲ.

ಮಧ್ಯಾಹ್ನ ಮನೆ ತುಂಬ ಜನ. "ನನಗೆ ಆಗ್ಲೇ ಗೊತ್ತಿತ್ತು, ಸಕಾರಿಯಾಸ್ ಅಂಥವನಲ್ಲ," ಎಂದು ಒಬ್ಬಳು ಕೇಕು ಅಗಿಯುತ್ತ ಹೇಳಿದಳು. ನನಗೂ ಗೊತ್ತಿತ್ತು ಎಂದಳು ಇನ್ನೊಬ್ಬಳು. ಅಂದು ಬಾಟಲಿ ಕಣ್ಣಾರೆ ಕಂಡೆವೆಂದು ಆಣೆಯಿಟ್ಟವರಿಗೂ ಈಗ ಎಲ್ಲ ಮೊದಲೇ ಗೊತ್ತಿತ್ತು. ಸೆವೆರಿನೆಗೆ ಅವರ ಮೇಲೆ ಉಗುಳಬೇಕೆನ್ನಿಸಿತು. ಆದರೆ ಹಾಗೆ ಉಗುಳಲು ಶುರುಮಾಡಿದರೆ ಮೊದಲು ಕನ್ನಡಿಯ ಮುಂದೆ ನಿಲ್ಲಬೇಕಿತ್ತು.

ಬೊಲೆಟ್ಟೆ ಕೂಸನ್ನು ಎತ್ತಿಕೊಂಡು ಅದರ ಕೆನ್ನೆಗೆ ಮೂಗು ಒತ್ತಿದಳು. "ಬಂದ್ಯಾ ಅಣ್ಣ? ದಾರಿ ದೂರ ಆಯ್ತಾ? ಇವಳು ಬಾಗಿಲು ತೆಗೀಲಿಲ್ಲ, ಅದಕ್ಕೇ ತಡ ಆಯ್ತು." ಆಮೇಲೆ ಸೆವೆರಿನೆಯ ಕಡೆ ತಿರುಗಿ, "ನೀನೂ ಕರಿ. ನಿನ್ನ ಗಂಡ ಈಗ," ಎಂದು ಕೂಸನ್ನು ಚಾಚಿದಳು.

ಸೆವೆರಿನೆ ಬಗ್ಗಿದಳು. ಬಾಯಿ ತೆರೆದಳು. ಕೂಸು ಕೆಂಪಗಾಗಿ, ಮುಷ್ಟಿ ಬಿಗಿದು ಅಳುತ್ತ ಮುಖವನ್ನು ಆಚೆ ತಿರುಗಿಸಿತು.

"ಅಳಲಿ ಬಿಡು," ಎಂದಳು ಅವಳು ಕೊನೆಗೆ. "ಯಾರೂ ಸಮಾಧಾನ ಮಾಡಬೇಡಿ."

ಯಾರೋ ಖಾಲಿ ಲೋಟ ಮುಂದೆ ಮಾಡಿದರು. ಅವಳು ಒಲೆಯ ಬಳಿಗೆ ಹೋದಳು. ತೊಳೆದು ಹಿಂಡಿದ ಟೊಪ್ಪಿ ಮೊಳೆಯಲ್ಲಿ ಒಣಗುತ್ತಿತ್ತು. ಕಾಫಿ ಪಾತ್ರೆಯ ಕಾದ ಕಬ್ಬಿಣದ ಹಿಡಿಯನ್ನು ಬರಿಗೈಯಲ್ಲೇ ಹಿಡಿದೆತ್ತಿ, ಒಂದು ಹನಿಯೂ ಚೆಲ್ಲದಂತೆ, ಅವಳು ಒಬ್ಬೊಬ್ಬರ ಲೋಟಕ್ಕೂ ನಿಧಾನವಾಗಿ ಬಗ್ಗಿಸುತ್ತ ಬಂದಳು.