ಖಾಲಿ ಡಿಸ್ಕು

ಈ ಸಾರಿಯ ಮೆಂತೆಗೆ ಮಣ್ಣು ಹೆಚ್ಚು, ಸಾಸವಡದ ಕಡೆಯ ಕರಿಮಣ್ಣು ಇರಬೇಕು, ಉಗುರಿನ ಸಂದಿಗೆ ಹೊಕ್ಕರೆ ಎರಡು ದಿನ ಬಿಡುವುದಿಲ್ಲ, ಅವ್ವಮ್ಮ ಕಡ್ಡಿ ಮುರಿದು ಎಲೆಯನ್ನು ಮೊರಕ್ಕೆ ಹಾಕುತ್ತಾಳೆ, ಇನ್ನೊಂದು ಕಡ್ಡಿ, ಇನ್ನೊಂದು, ಈ ಕೆಲಸಕ್ಕೆ ಕಣ್ಣು ಬೇಕಿಲ್ಲ, ಕಣ್ಣು ಮಂಚದ ಮೇಲಿದೆ — ಅಲ್ಲಿ ಸೊಸೆ ಮಾಯಾ ಕಾಲು ಮಡಚಿ ಕುಳಿತು ಒಂದು ಹಳೆಯ ಕ್ಯಾಮೆರಾವನ್ನು ಕಾಯುತ್ತಿದ್ದಾಳೆ, ಒಲೆಯ ಮೇಲಿನ ಹಾಲು ಕಾಯುವವರ ಹಾಗೆ. ಮಂಚಕ್ಕ ಕೈ ಹಚ್ಚಬ್ಯಾಡ್ರಿ ಅತ್ತಿ, ಈಗ ಅದು ಡಿಸ್ಕಿಗೆ ಕಡೀ ಮುದ್ರಿ ಒತ್ತಲಿಕ್ಕತ್ತದ, ನಡುವ ಅಳ್ಳಾಡಿತಂದ್ರ ಎಲ್ಲಾ ಹೋತು. ನಾ ನೆಲದ ಮ್ಯಾಲ ಕುಂತೀನವ್ವಾ, ನೆಲ ಅಳ್ಳಾಡ್ತದೇನು, ಅನ್ನುತ್ತಾಳೆ ಅವ್ವಮ್ಮ, ಅಂದ ಮೇಲೆ ಉಸಿರನ್ನೂ ಸಣ್ಣದು ಮಾಡುತ್ತಾಳೆ. ಅಂಗೈಯಗಲದ ಡಿಸ್ಕು. ಅದರೊಳಗೆ ಶಿವಕಾಂತಾ ಇದ್ದಾಳಂತೆ, ಮಗಳು, ಮದುವೆಯಾದ ಎರಡನೆಯ ಮಳೆಗಾಲದಲ್ಲಿ ಕುರಕುಂಭದ ಗಂಡನ ಮನೆಯಲ್ಲಿ ಕಾಮಾಲೆಯಾಗಿ ಹೋದ ಮಗಳು — ಇದ್ದಾಳಂತೆ, ನಡೆದಾಡುತ್ತಾಳಂತೆ. ಹದಿನಾರು ವರ್ಷ ಟ್ರಂಕಿನಲ್ಲಿ ಹಳೆಯ ಇಳಕಲ್ ಸೀರೆಯ ಕೆಳಗೆ ಬಿದ್ದಿತ್ತು, ಏನೂ ಇಲ್ಲದ ಡಿಸ್ಕು ಅಂತ, ಎಸೆಯಲೂ ಮನಸ್ಸು ಬಾರದೆ. ಹೋದ ತಿಂಗಳು ಟ್ರಂಕು ಒರೆಸುವಾಗ ಮಾಯಾ ಅದನ್ನು ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದಳು, ಮದುವೆಯ ವಿಡಿಯೊ ಕತ್ತರಿಸಿ ಜೋಡಿಸುವ ಸ್ಟುಡಿಯೊದಲ್ಲಿ ಅವಳಿಗೆ ಕೆಲಸ, ಅವಳಿಗೆ ಗೊತ್ತಾಗುತ್ತದೆ. ಇದು ಖಾಲಿ ಅಂತ ಯಾರಂದ್ರು ಅತ್ತಿ, ಇಲ್ಲಿ ನೋಡ್ರಿ, ನಡುವಿನಿಂದ ಇಲ್ಲೀತನಕಾ ಬಣ್ಣ ಬ್ಯಾರೆ ಅದ, ಬರದದ್ದು ಮಬ್ಬು ಇರ್ತದ, ಖಾಲಿ ಇದ್ದದ್ದು ತಿಳಿ ಇರ್ತದ. ಅವ್ವಮ್ಮ ನೋಡಿದಳು. ಹೌದು, ಬಳೆಯಷ್ಟು ಅಗಲದ ಮಬ್ಬು. ಕ್ಯಾಮೆರಾದೊಳಗೇ ಕಡೆಯ ಮುದ್ರೆ ಒತ್ತಿಸಬೇಕಿತ್ತಂತೆ, ಒತ್ತಿಸದಿದ್ದರೆ ಬೇರೆ ಯಾವ ಮಿಷಿನಿಗೂ ಅದು ಕಾಣುವುದಿಲ್ಲವಂತೆ, ಕಾಣದ್ದನ್ನು ಕಂಪ್ಯೂಟರ್ ಖಾಲಿ ಅನ್ನುತ್ತದಂತೆ. ಆದರೆ ಕಣ್ಣಿಗೆ ಕಾಣುತ್ತಿತ್ತಲ್ಲ. ಬಿಸಿಲಿಗೆ ಹಿಡಿದರೆ ಸಾಕಿತ್ತು. ಹದಿನಾರು ವರ್ಷ ಪುಣೆಯಲ್ಲಿ ಬಿಸಿಲೇ ಬೀಳಲಿಲ್ಲವೇ.

ಇನ್ನೂ ಅರ್ಧ ಆಗ್ಯದ, ಅಂದಳು ಮಾಯಾ, ಜೂನಾ ಬಾಜಾರದ ಹಳೀ ಸಾಮಾನಿನಾಗ ಇದೇ ಮಾಡೆಲ್ ಹುಡುಕೂದಕ್ಕ ನಾಕು ಬುಧವಾರ ತಿರುಗೀನಿ, ಕೈ ಕೊಡೂದಿಲ್ಲ ಬಿಡ್ರಿ — ಇದೇ ಮಾಡೆಲ್, ಇದೇ ಬೆಳ್ಳಿಬಣ್ಣ, ದಿಗಂಬರ ಸಾಹೇಬರದೂ ಹೀಗೇ ಇತ್ತು, ಸೈಟಿನ ಇಂಜಿನಿಯರು, ಶಿವಕಾಂತಾಳ ಮದುವೆಗೆಂದು ಒಂದು ದಿನದ ಮಟ್ಟಿಗೆ ಕೊಟ್ಟಿದ್ದರು, ಯಾರ ಕೈಗೆ ಕೊಡಲಿ ಅಂದಾಗ ಅವ್ವಮ್ಮನ ಗಂಡ ತಾಯಪ್ಪ ತನ್ನ ತಮ್ಮ ಗೂಳಪ್ಪನನ್ನು ಮುಂದೆ ನೂಕಿದ್ದ. ನನ್ನ ತಮ್ಮ ಕುಡೀತಾನ ಖರೆ ಸಾಹೇಬ್ರ, ಕೈ ಮಾತ್ರ ನಡಗೂದಿಲ್ಲ, ಹನ್ನೊಂದನೇ ಮಾಳಿಗಿ ಸೆಂಟ್ರಿಂಗ್ ಮ್ಯಾಲ ಬೆಕ್ಕಿನಂಗ ನಡೀತಾನ. ಎಲ್ಲರೂ ನಕ್ಕಿದ್ದರು, ಗೂಳಪ್ಪನೂ ನಕ್ಕಿದ್ದ, ಸಾಹೇಬರು ಲಾಲ ದಿವಾ ಲಾಗಲಾ ಕೀ ಚಾಲೂ ಅಂದರು, ಕೆಂಪು ದೀಪ ಹತ್ತಿದರೆ ನಡೆದಿದೆ ಅಂತ ತಿಳಿ, ಅಷ್ಟೇ ಹೇಳಿದರು, ಮುದ್ರೆಯ ಮಾತು ಅವರಿಗೂ ನೆನಪಾಗಲಿಲ್ಲ, ಅಂದೇ ಸಂಜೆ ಕ್ಯಾಮೆರಾ ತೆಗೆದುಕೊಂಡು ನಾಸಿಕಕ್ಕೆ ಬದಲಿಯಾಗಿ ಹೋದರು. ಮೂರು ಡಿಸ್ಕು ಉಳಿದವು. ಮೂರು ದಿನ ಬಿಟ್ಟು ಬೀಗರೆಲ್ಲ ಕೂಡಿ ಸ್ಟುಡಿಯೊದವನ ಮುಂದೆ ನಿಂತರು, ಅವನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ ತೆಗೆದ, ಕಾಹೀ ನಾಹೀ, ಖಾಲಿ ಅದಾವು, ಮೂರೂ. ನಲವತ್ತು ಜನ. ಎಲ್ಲರೂ ಗೂಳಪ್ಪನ ಮುಖ ನೋಡಿದರು. ವೈನಿ, ನಿಮ್ಮಾಣಿ ಮಾಡಿ ಹೇಳ್ತೀನಿ, ಕೆಂಪು ದೀಪ ಹತ್ತಿತ್ತು, ಅಂದ ಅವನು ಅತ್ತಿಗೆಯ ಕಡೆ ತಿರುಗಿ. ನನ್ನ ಆಣಿ ಇಡಬ್ಯಾಡಲೇ ಗೂಳ್ಯಾ, ನಿನ್ನ ಬಾಯಿ ಸೇಂದಿ ನಾರತದ — ನಾರುತ್ತಿರಲಿಲ್ಲ. ಅಂದು ನಾರುತ್ತಿರಲಿಲ್ಲ, ಆ ಮಾತು ನಾಲಿಗೆಯ ಮೇಲೆ ಇರುವಾಗಲೇ ಅವ್ವಮ್ಮನಿಗೆ ಅದು ಗೊತ್ತಿತ್ತು, ಆದರೂ ನುಂಗಲಿಲ್ಲ, ನಲವತ್ತು ಜನರ ನಡುವೆ ಮಾತು ಎತ್ತಿದ ಮೇಲೆ ಇಳಿಸುವುದು ಹೇಗೆ. ಅವನು ಮೂರೂ ಡಿಸ್ಕು ಎತ್ತಿ ಅವಳ ಕೈಗಿಟ್ಟು ತಲೆ ತಗ್ಗಿಸಿದ. ತಲೆ ತಗ್ಗಿಸಿದವನು ತಪ್ಪು ಮಾಡಿದವನ ಹಾಗೆಯೇ ಕಾಣುತ್ತಾನೆ.

ಕಡ್ಡಿ ಇತ್ತ, ಎಲೆ ಅತ್ತ. ಶಿವಕಾಂತಾ ತೀರಿದ ಮೂರನೆಯ ದಿನ ಗೂಳಪ್ಪ ಬಾಗಿಲಿಗೆ ಬಂದಿದ್ದ, ಎಡೆಗೆಂದು ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು, ತಲೆಯ ಮೇಲೆ ಟವೆಲು, ಆಗ ಅವ್ವಮ್ಮನ ಮೈಯೆಲ್ಲ ಒಂದೇ ಬೆಂಕಿ, ನನ್ನ ಮಗಳು ನಗೂದು ಇನ್ನ ಎಲ್ಲಿ ನೋಡಲಿ ಹೇಳು, ನೀ ಕುಡದ ಬಾಟ್ಲಿಯೊಳಗ ಇಣಿಕಿ ನೋಡಲೇನು. ಟ್ರಂಕು ತೆರೆದು ಕೈಗೆ ಸಿಕ್ಕ ಡಿಸ್ಕನ್ನು ಬೀಸಿ ಒಗೆದಳು, ಅದು ಬಾಗಿಲಿನ ಚೌಕಟ್ಟಿಗೆ ಬಡಿದು ಎರಡಾಯಿತು. ತಾಯಪ್ಪ ಗೋಡೆ ಕಡೆ ಮುಖ ಮಾಡಿ ಕುಳಿತಿದ್ದ. ಗೂಳಪ್ಪ ಬಾಗಿ ಎರಡೂ ಚೂರು ಆರಿಸಿದ, ಅಂಗಿಯ ಕಿಸೆಗೆ ಹಾಕಿಕೊಂಡ, ಹಣ್ಣು ಹೊಸ್ತಿಲ ಮೇಲಿಟ್ಟ, ಹೋದ. ಶಹಾಪುರದ ಕಡೆಯ ತಮ್ಮ ಊರಿಗೆ ಹೋದವನು ಮತ್ತೆ ಪುಣೆಯ ದಾರಿ ತುಳಿಯಲಿಲ್ಲ. ನಾಲ್ಕು ವರ್ಷದ ಕೆಳಗೆ ತಾಯಪ್ಪ ತೀರಿದಾಗ — ಅಣ್ಣ ಅಲ್ಲವೇ, ಒಡಹುಟ್ಟಿದ ಅಣ್ಣ — ಅವ್ವಮ್ಮ ಹೇಳಿ ಕಳಿಸಲಿಲ್ಲ. ಹನ್ನೊಂದನೆಯ ದಿನ ಯಾರಿಂದಲೋ ಅವನಿಗೆ ಗೊತ್ತಾಯಿತಂತೆ, ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರುವಿಕೊಂಡು, ಒದ್ದೆ ಬಟ್ಟೆಯಲ್ಲೇ ಕತ್ತಲಾಗುವವರೆಗೆ ಕುಳಿತಿದ್ದನಂತೆ.

ಆತು, ಬಂತು, ಬರ್ರಿ ಅತ್ತಿ, ಲಗೂನ. ಮಾಯಾ ಡಿಸ್ಕು ತೆಗೆದು ಲ್ಯಾಪ್‌ಟಾಪಿಗೆ ಹಚ್ಚಿದ ತಟ್ಟೆಯೊಳಗೆ ಇಟ್ಟಿದ್ದಾಳೆ, ತಟ್ಟೆ ಒಳಗೆ ಹೋಗುತ್ತದೆ, ಗಿರ್ ಅಂತ ತಿರುಗುತ್ತದೆ, ಅವ್ವಮ್ಮ ಕೈಯನ್ನು ಸೆರಗಿಗೆ ಒರೆಸುತ್ತ ಎದ್ದು ಬರುವಷ್ಟರಲ್ಲಿ ಪರದೆಯ ಮೇಲೆ ಕಾಲು. ಬರೀ ಕಾಲು. ಯಾರ್ಯಾರದೋ ಕಾಲು, ಚಪ್ಪಲಿ, ಮತ್ತೆ ಕಾಲು. ಕಾಕಾ ಮದುವಿ ತಗದಾರೋ ಚಪ್ಪಲಿ ಅಂಗಡಿ ತಗದಾರೋ ಅತ್ತಿ, ಮಾಯಾ ನಗುತ್ತಾಳೆ, ಅವ್ವಮ್ಮನಿಗೂ ನಗು ಬರುತ್ತದೆ, ಬಂದ ನಗು ಬಿಟ್ಟು ಪರದೆಗೆ ಬಾಗುತ್ತಾಳೆ, ಏಕೆಂದರೆ ಕಾಲಿನಿಂದ ಮೇಲಕ್ಕೆ ಹೋದ ಕ್ಯಾಮೆರಾ ಈಗ ತಾಯಪ್ಪನ ಮೇಲೆ ನಿಂತಿದೆ, ಹಳದಿ ರುಮಾಲು ಸುತ್ತಿಕೊಂಡ ತಾಯಪ್ಪ, ಸಿಮೆಂಟು ಚೀಲದ ಒಟ್ಟಿಲ ಮೇಲೆ ಕುಳಿತು ಯಾರಿಗೋ ಎಲೆ ಅಡಿಕೆ ಕೊಡುತ್ತಿದ್ದಾನೆ, ಎಷ್ಟು ಸಣ್ಣ ವಯಸ್ಸು, ಹಲ್ಲು ಎಲ್ಲ ಇವೆ. ತೆಗೆದ ಗೂಳಪ್ಪನ ಕೈ ನಡುಗಿಲ್ಲ. ಅದನ್ನು ಅವ್ವಮ್ಮ ನೋಡುತ್ತಾಳೆ, ಬೇರೆ ಎಲ್ಲ ಬಿಟ್ಟು ಅದನ್ನೇ ನೋಡುತ್ತಾಳೆ, ಚಿತ್ರ ಒಂದಿಷ್ಟೂ ನಡುಗಿಲ್ಲ, ಬಾಜಾ ಭಜಂತ್ರಿಯವರ ಹಿಂದೆ ಹೋಗಿದ್ದಾನೆ, ನೀರಿನ ಡ್ರಮ್ಮಿನ ಮೇಲೆ ಹತ್ತಿರಬೇಕು, ಅಲ್ಲಿಂದ ಚಪ್ಪರವೆಲ್ಲ ಕಾಣುತ್ತದೆ, ಇಳಿದಿದ್ದಾನೆ, ಸುರಗಿಗೆ ನಾಲ್ಕು ಮೂಲೆ ತಂಬಿಗೆ ಇಟ್ಟು ನೂಲು ಸುತ್ತುವುದನ್ನು ಸುತ್ತಿ ಸುತ್ತಿ ತೆಗೆದಿದ್ದಾನೆ, ನೂಲಿನ ನಡುವೆ ಶಿವಕಾಂತಾ. ಅರಿಷಿಣದಲ್ಲಿ ಅದ್ದಿ ತೆಗೆದ ಹಾಗೆ. ಕುಳಿತಲ್ಲೇ ಕಾಲು ಅಲ್ಲಾಡಿಸುತ್ತಾಳೆ, ಅಯ್ಯೋ ಈ ಹುಡುಗಿ ಕಾಲು ಅಲ್ಲಾಡಿಸುತ್ತಿತ್ತಲ್ಲ, ಅದನ್ನು ಮರೆತೇಬಿಟ್ಟಿದ್ದೆ, ಕಾಲು ಅಲ್ಲಾಡಿಸಬ್ಯಾಡ ಅಂತ ದಿನಾ ಬೈಯುತ್ತಿದ್ದೆ, ಫೋಟೊದಲ್ಲಿ ಕಾಲು ಅಲ್ಲಾಡುವುದಿಲ್ಲ. ಪರದೆಯ ಹೊರಗೆ ಎಲ್ಲಿಂದಲೋ ಒಂದು ಹೆಂಗಸಿನ ದನಿ ಕಿರುಚುತ್ತದೆ, ಗೂಳ್ಯಾ ಎಲ್ಲಿ ಸತ್ತ, ಊಟದ ಪಂಕ್ತಿಯೊಳಗ ಮೊದಲ ಕುಂತಿರಬೇಕು ನೋಡ್ರಿ, ಕೆಲಸಕ್ಕ ಮಾತ್ರ ಕೈಗಿ ಸಿಗಾಂಗಿಲ್ಲ. ಯಾರ್ರೀ ಅದು, ಮಾಯಾ ಕೇಳುತ್ತಾಳೆ. ನಾನು. ನನ್ನ ದನಿ. ಕ್ಯಾಮೆರಾ ಆ ದನಿಯ ಕಡೆ ತಿರುಗುವುದಿಲ್ಲ, ಅದರ ಹಿಂದೆ ಯಾರೋ ಒಂದು ಉಸಿರು ಬಿಟ್ಟದ್ದು ಕೇಳುತ್ತದೆ, ಅಷ್ಟೇ.

ಎರಡನೆಯ ಡಿಸ್ಕಿಗೂ ಮುದ್ರೆ ಬಿದ್ದು ಅದು ಪರದೆಗೆ ಬರುವ ಹೊತ್ತಿಗೆ ಮೆಂತೆ ಬಾಡಿದೆ. ಇದರಲ್ಲಿ ಊಟ. ಪಂಕ್ತಿಯಲ್ಲಿ ಗೂಳಪ್ಪ ಇಲ್ಲ, ಎಲ್ಲಿರುತ್ತಾನೆ, ಅವನ ಕಣ್ಣಿನಿಂದಲೇ ಅಲ್ಲವೇ ಇವರೆಲ್ಲ ಪಂಕ್ತಿ ನೋಡುತ್ತಿರುವುದು. ಮದುಮಗಳ ಎಲೆಗೆ ಹುಗ್ಗಿ ಬಡಿಸುತ್ತಾರೆ, ಮೇಲೆ ತುಪ್ಪ, ಶಿವಕಾಂತಾ ತಲೆ ಎತ್ತಿ ನೇರವಾಗಿ ಇತ್ತ ನೋಡುತ್ತಾಳೆ — ಕಾಕಾ, ಉಂಡಿಯೇನು. ಉಂಡೀನವ್ವಾ. ಸುಳ್ಳ ಹೇಳಬ್ಯಾಡ, ಮುಂಜಾನಿಂದ ನಾ ನೋಡ್ಲಿಕ್ಕತ್ತೀನಿ, ಒಂದು ಗುಟುಕು ಚಾ ಸೈತ ಕುಡದಿಲ್ಲ, ಬಾ ಇಲ್ಲಿ, ಬಾಯಿ ತಗಿ. ಏ ಹುಚ್ಚಿ, ಮಿಷಿನಿಗಿ ಹತ್ತತದ, ಸಾಹೇಬ್ರದು. ಹತ್ತಲಿ, ಮಿಷಿನಿಗೂ ಒಂದು ತುತ್ತು ತಿನಸ್ತೀನಿ, ತಗಿ ಅಂದ್ರ. ಕೈ ಏಳುತ್ತದೆ. ಅರಿಷಿಣದ ಕೈ, ಮೊಣಕೈತನಕ ಹಸಿರು ಬಳೆ, ಐದು ಬೆರಳ ತುದಿಯಲ್ಲಿ ಹುಗ್ಗಿ, ತುಪ್ಪ ಇಳಿಯುತ್ತಿದೆ, ಕೈ ಹತ್ತಿರ ಬರುತ್ತದೆ, ಇನ್ನೂ ಹತ್ತಿರ, ಬೆರಳು ಮಸುಕಾಗುತ್ತವೆ, ಪರದೆಯೆಲ್ಲ ಹಳದಿ. ಅಗಿಯುವ ಸಪ್ಪಳ. ಸಾಕು ನಮ್ಮವ್ವಾ, ಅನ್ನುತ್ತಾನೆ, ದನಿ ಒದ್ದೆ. ಮಾಯಾ ಮೆಲ್ಲಗೆ ಕೇಳುತ್ತಾಳೆ, ಇಲ್ಲಿ ಮಬ್ಬಾಗ್ಯದ, ಇಷ್ಟು ಕತ್ತರಿಸಿ ತಗದು ಮುಂದಿಂದು ಜೋಡಿಸಲೇನ್ರಿ. ಕತ್ತರಿ ಹಚ್ಚಬ್ಯಾಡ. ಕಾಲೂ ಇರಲಿ, ಚಪ್ಪಲಿಯೂ ಇರಲಿ, ಮಬ್ಬೂ ಇರಲಿ. ಮುಂದ ಏನದ. ಮುಂದ ಏನಿಲ್ರಿ, ಇಷ್ಟಕ್ಕ ಮುಗೀತು. ಮುಂದಿನದು ಮೂರನೆಯ ಡಿಸ್ಕು. ಮಗಳನ್ನು ಕಳಿಸಿಕೊಟ್ಟದ್ದು, ಅವಳು ಗಾಡಿ ಹತ್ತುವಾಗ ತಿರುಗಿ ನೋಡಿದ್ದು, ಎಲ್ಲ ಅದರಲ್ಲಿತ್ತು, ಅದೇ ಚೌಕಟ್ಟಿಗೆ ಬಡಿದು ಎರಡಾದದ್ದು. ಅದನ್ನು ಒಡೆದವರು ಯಾರು, ಕೇಳು, ಯಾರು ಕುಡಿದಿದ್ದರು ಅಂದು.

ಅತ್ತಿ, ಅಳಬ್ಯಾಡ್ರಿ, ಊರಾಗಿನ ಅಂಗಡಿ ಚನ್ನವೀರಂದು ನಂಬರ್ ಅದ, ಈಗೇ ಹಚ್ಚಿ ಕೊಡ್ತೀನಿ, ಕಾಕಾನ್ನ ಕರೀಲಿ, ನೀವೇ ಮಾತಾಡ್ರಿ. ಫೋನ್ ಬ್ಯಾಡ. ಯಾಕ್ರಿ. ಫೋನ್ ಅಂದ್ರ ಕಿವಿಯಾಗಿನ ಮಾತು ಮಾಯಾ, ನಲವತ್ತು ಮಂದಿಯೊಳಗ ಅಂದದ್ದು ಅದು, ಕಿವಿಯಾಗ ಹೇಳಿದ್ರ ತಿರುಗಿ ಬರೂದಿಲ್ಲ. ಗೂಳಪ್ಪನಿಗೆ ಓದಲು ಬಾರದು. ಊರಿಗೆ ಬಂದ ಕಾಗದವನ್ನೆಲ್ಲ ಅಂಗಡಿ ಕಟ್ಟೆಯ ಮೇಲೆ ಕುಳಿತು ಚನ್ನವೀರನೇ ಓದುತ್ತಾನೆ, ರಸ್ತೆಯ ಆಚೆಗೂ ಕೇಳುವಂಥ ದನಿ, ಬಂದವರೆಲ್ಲ ಬೀಡಿ ಹಚ್ಚಿ ಕುಳಿತು ಕೇಳುತ್ತಾರೆ, ಯಾರ ಮನೆಯ ಸುದ್ದಿಯೂ ಮುಚ್ಚಿ ಉಳಿಯುವುದಿಲ್ಲ. ಅದಕ್ಕೇ ಅಲ್ಲವೇ ಆ ಕಾಗದ ಇಷ್ಟು ವರ್ಷ ಮನೆಯ ಡಬ್ಬಿಯಲ್ಲೇ ಉಳಿದದ್ದು — ರಾತ್ರಿ ಶಾಲೆಯ ಮುಕ್ತಾ ಬಾಯೋರು, ದೂರದವರೊಬ್ಬರಿಗೆ ಕಾಗದ ಬರೆಯಿರಿ ಅಂದಾಗ ಬರೆದದ್ದು, ಅವ್ವಮ್ಮ ತನ್ನ ಕೈಯಾರೆ ಬರೆದ ಮೊದಲ ಕಾಗದ, ಗೂಳಪ್ಪನಿಗೆ ಅವ್ವಮ್ಮನ ಆಶೀರ್ವಾದ, ನೀನು ಮಾಡಿದ ತಪ್ಪನ್ನು ನಾನು ಕ್ಷಮಿಸಿದ್ದೇನೆ, ಒಮ್ಮೆ ಬಂದು ಹೋಗು. ಎಷ್ಟು ದೊಡ್ಡ ಮನಸ್ಸು ಅವ್ವಮ್ಮನವರದು, ಅಂದು ಬಾಯೋರು ಅದರ ಪಕ್ಕ ಕೆಂಪು ಗುರುತು ಹಾಕಿದ್ದರು. ತಾಯಪ್ಪ ಇರುವತನಕ ಕೇಳುತ್ತಿದ್ದ, ಗೂಳ್ಯಾಗ ಆ ಕಾಗದ ಹಾಕಿದಿ ಇಲ್ಲ. ನಾಳಿ ಹಾಕ್ತೀನಿ. ಆಸ್ಪತ್ರೆಯಲ್ಲಿಯೂ ಕೇಳಿದ. ನಾಳಿ. ಕ್ಷಮಿಸಿದ್ದೇನೆ ಅಂತ ಬರೆದದ್ದು ಸುಳ್ಳಾಗಿತ್ತು, ಆ ಸುಳ್ಳನ್ನು ಊರ ಮುಂದೆ ಓದಿಸಲು ಹಿಂಜರಿದಿದ್ದಳು. ಈಗ ಕನ್ನಡಕ ಹಾಕಿಕೊಂಡು ಅದನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಿದ್ದಾಳೆ, ಹಾಳೆ ಮಡಿಕೆಯಲ್ಲಿ ಹಳದಿ ತಿರುಗಿದೆ, ಕೆಂಪು ಗುರುತು ಹಾಗೇ ಇದೆ. ಹೊಸ ಹಾಳಿ ಕೊಡ್ಲೇನ್ರಿ. ಬ್ಯಾಡ, ಇದರಾಗೇ. ಎರಡನೆಯ ಸಾಲಿನ ಮೇಲೆ ಒಂದು ಗೆರೆ ಎಳೆಯುತ್ತಾಳೆ, ಒಂದೇ, ಕೆಳಗಿನ ಅಕ್ಷರ ಕಾಣುವ ಹಾಗೆ, ತಾನು ಏನಂದುಕೊಂಡಿದ್ದಳು ಅನ್ನುವುದೂ ಓದಲಿ. ಅದರ ಕೆಳಗೆ ನಿಧಾನವಾಗಿ, ಒತ್ತಕ್ಷರಕ್ಕೆ ಒಮ್ಮೆ ನಿಂತು: ಗೂಳಪ್ಪಾ, ಡಿಸ್ಕು ಖಾಲಿ ಇರಲಿಲ್ಲ. ನೀನು ಎಲ್ಲ ತೆಗೆದಿದ್ದಿ. ನಿನ್ನ ಬಾಯಿ ಅಂದು ನಾರುತ್ತಿರಲಿಲ್ಲ, ನನಗೆ ಗೊತ್ತಿತ್ತು. ಮಗಳು ನಿನಗೆ ತುತ್ತು ಕೊಟ್ಟದ್ದು ನೋಡಿದೆ. ಅಣ್ಣ ಸತ್ತ ಸುದ್ದಿ ನಿನಗೆ ಮುಟ್ಟಿಸದವಳೂ ನಾನೇ. ತಪ್ಪು ನನ್ನದು. ಪೆನ್ನು ಎತ್ತಿ ಮತ್ತೆ ಇಳಿಸುತ್ತಾಳೆ. ಚನ್ನವೀರಪ್ಪಾ, ಇದನ್ನು ಮೆಲ್ಲಗೆ ಓದಬೇಡ.

ಪಿನ್ ಕೋಡ್ ಮಾಯಾ ಬರೆದಳು, ಅಂಟು ಅವ್ವಮ್ಮ ಹಚ್ಚಿದಳು. ಜೋಡಿ ಬರ್ತೀನ್ರಿ ಅಂದದ್ದಕ್ಕೆ ಬ್ಯಾಡವ್ವಾ ಅಂದು ಒಬ್ಬಳೇ ಮೆಟ್ಟಿಲಿಳಿದಳು, ಧನಕವಡಿಯ ಮಧ್ಯಾಹ್ನ, ಕಾಲೇಜು ಬಿಟ್ಟ ಹುಡುಗಿಯರು, ವಡಾಪಾವಿನ ಎಣ್ಣೆ, ಆಜೀ ಬಾಜೂಲಾ ವ್ಹಾ ಅನ್ನುವ ರಿಕ್ಷಾದವನು, ಬಾಜೂಕ್ಕೆ ಸರಿಯುತ್ತಾಳೆ, ಔಷಧಿ ಅಂಗಡಿಯ ಪಕ್ಕ ಕೆಂಪು ಡಬ್ಬಿ, ದಿನಾ ನೋಡುತ್ತಿದ್ದ ಡಬ್ಬಿ. ಕಾಗದದ ಅರ್ಧ ಒಳಗೆ, ಅರ್ಧ ಕೈಯಲ್ಲಿ. ಬಿಡುತ್ತಾಳೆ. ಬಿದ್ದ ಸಪ್ಪಳ ಎಷ್ಟು ಸಣ್ಣದು, ಹೋಯಿತು, ಇನ್ನು ಹಿಂದೆ ತೆಗೆಯಲು ಬರುವುದಿಲ್ಲ, ನಾಲ್ಕು ದಿನಕ್ಕೆ ಮುಟ್ಟಬಹುದು, ಐದು, ಚನ್ನವೀರ ಒಡೆಯುತ್ತಾನೆ, ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾನೆ, ಜನ ಕೂಡುತ್ತಾರೆ, ಗೂಳಪ್ಪ ಎಲ್ಲಿ ನಿಂತಿರುತ್ತಾನೆ, ಈಗ ಅವನ ಮುಖ ಹೇಗಾಗಿರಬಹುದು, ಕೂದಲು ಬೆಳ್ಳಗಾಗಿರಬಹುದೇ, ಆ ಮುಖ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಎರಡು ಡಿಸ್ಕಿನಲ್ಲಿ ಎಲ್ಲರ ಮುಖ ಇದೆ ಅವನದೊಂದು ಇಲ್ಲ, ಇರುವುದು ಅವನ ಮುಂದೆ ಎದ್ದ ಕೈ, ಅರಿಷಿಣದ ಕೈ, ಬೆರಳ ತುದಿಯಲ್ಲಿ ಹುಗ್ಗಿ, ಹತ್ತಿರ, ಇನ್ನೂ ಹತ್ತಿರ, ಬಾಯಿ ತಗಿ, ಹಳದಿ —