ನೆರಳು ಬಿದ್ದರೆ ಊಟ

ಮರಿಮೀನು ಸಾಕುವ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಮೀನಮ್ಮ ಎಂದೇ ಕರೆಯುತ್ತಿದ್ದರು. ತೊಟ್ಟಿಯ ಮೇಲೆ ಅವಳ ನೆರಳು ಬಿದ್ದರೆ ಸಾಕು, ಮರಿಗಳೆಲ್ಲ ಬಾಯಿ ತೆರೆದುಕೊಂಡು ಮೇಲಕ್ಕೆ ಬರುತ್ತಿದ್ದವು. ಅವಳಿಗೂ ಅದೊಂದು ಹೆಮ್ಮೆ.

ಇವತ್ತು ಅವನ್ನು ಹಳ್ಳಕ್ಕೆ ಬಿಟ್ಟ ಮೇಲೆ ಮಾತ್ರ ಅವಳ ಎದೆ ಧಸಕ್ಕೆಂದಿತು. ಹಳ್ಳದಲ್ಲೇ ಹುಟ್ಟಿದ ಮರಿಗಳು ಅವಳ ನೆರಳು ಕಂಡದ್ದೇ ತಡ, ಕಲ್ಲಿನ ಸಂದಿಗೆ ನುಗ್ಗಿದವು. ಅವಳ ಮರಿಗಳೋ, ನೀರಿನಲ್ಲಿ ತೇಲಿ ಬರುವ ಹುಳುಗಳನ್ನು ಕಣ್ಣೆತ್ತಿಯೂ ನೋಡದೆ ಅವಳ ಕಾಲ ಬುಡಕ್ಕೇ ಬಂದು ಬಾಯಿ ತೆರೆದವು.

"ಹೋಗಿ, ಪೆದ್ದುಗಳಾ! ಬಚ್ಚಿಟ್ಕೊಳ್ಳಿ!" ಅವಳು ಕೋಲು ತೆಗೆದುಕೊಂಡು ನೀರಿಗೆ ರಪರಪನೆ ಬಡಿದಳು.

"ಅಯ್ಯೋ ಅಕ್ಕಾ, ಪಾಪ, ಹೆದರ್ಕೋತಾವೆ," ಎಂದ ಮರಿಗಳನ್ನು ಹಳ್ಳಕ್ಕೆ ತಂದಿದ್ದ ವ್ಯಾನ್ ಡ್ರೈವರ್.

"ಹೆದರ್ಲಿ ಅಂತಾನೇ ಕಣೋ ಬಡೀತಿರೋದು!"

ತೋಳು ಸೋಲುವಷ್ಟು ಬಡಿದ ಮೇಲೆ ಒಂದೊಂದೇ ಮರಿ ಕಲ್ಲಿನ ಸಂದಿ ಸೇರಿತು. ಅವಳು ದಡಕ್ಕೆ ಬಂದು ನಿಟ್ಟುಸಿರು ಬಿಡುವಷ್ಟರಲ್ಲಿ ಕೊಕ್ಕರೆಯೊಂದು ಬಂದಿಳಿಯಿತು. ಅದರ ನೆರಳು ನೀರಿನ ಮೇಲೆ ಚಾಚಿತು. ಅವಳು ನೋಡುತ್ತಲೇ ನಿಂತಳು. ಒಂದು ಮರಿಯೂ ಅಲುಗಲಿಲ್ಲ.

ಆಮೇಲೆ ಒಂದೇ ಒಂದು ಮೇಲಕ್ಕೆ ಬಂತು. ಸೊರಗಿದೆಯೆಂದು ಅವಳು ಬೇರೆ ಇಟ್ಟು, ಬೆರಳ ತುದಿಯಿಂದ ತಿನ್ನಿಸಿ ಬದುಕಿಸಿಕೊಂಡಿದ್ದ ಮರಿ. ಅದು ಬಾಯಿ ತೆರೆದುಕೊಂಡೇ ಬಂದಿತ್ತು.