ಉತ್ತರದ ಗೋಡೆ

ತೊಟ್ಟಿಯ ನೀರು ಮತ್ತೆ ಕೆಂಪಗಾಯಿತು. ಗಿನ್ಕಾ ಅದನ್ನು ಚರಂಡಿಗೆ ಚೆಲ್ಲಿ ತೊಟ್ಟಿಯನ್ನು ನಲ್ಲಿಗೆ ಒಡ್ಡಿದಳು. ಮಣ್ಣು ಮೆತ್ತಿದ ಹಳೆಯ ಮಡಕೆಗಳ ಬೋಕಿ ಚೂರುಗಳನ್ನು ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ತೊಳೆದು, ಜಾಲರಿಯ ಮೇಲೆ ಹರಡುವುದು ಈ ಬೇಸಿಗೆಯಲ್ಲಿ ಅವಳಿಗೆ ಸಿಕ್ಕ ಕೆಲಸ. ಹಳೆಯ ಕಾಲೇಜಿನ ಉತ್ತರದ ಗೋಡೆ ಓಣಿಯ ಕಡೆಗೆ ವಾಲಿತ್ತು. ಬಿಚ್ಚಿ ಕಟ್ಟೋಣವೆಂದು ಪಾಯ ಕೆದಕಿದರೆ ಕೆಳಗೆ ರೋಮನರ ಕಾಲದ ಗೋರಿಗಳು. ಅಂದಿನಿಂದ ಅಂಗಳದಲ್ಲಿ ಎರಡು ತಂಡ. ಅಗೆಯುವವರಿಗೆ ರಾಜಧಾನಿ ಸೋಫಿಯಾದಿಂದ ಬಂದ ಸ್ಟೊಯನೊವಾ ಮೇಡಂ ಯಜಮಾನಿ. ಕಟ್ಟುವವರಿಗೆ ಗಿನ್ಕಾಳ ಮಾವ ಪೆಂಚೊ ಮೇಸ್ತ್ರಿ.

ಕಟ್ಟುವವರು ಬೆಳಗಿನಿಂದ ಕರಣೆ ಮುಟ್ಟಿರಲಿಲ್ಲ. ಮೊನ್ನೆ ಮೂಲೆಗಲ್ಲಿನ ಕೆಳಗೊಂದು ಪೊಟರೆ ಸಿಕ್ಕಿ, ಅದರೊಳಗಿಂದ ಒಂದು ಜೊಂಡಿನ ಕಡ್ಡಿಯನ್ನು ಮೇಡಂ ಚಿಮಟದಲ್ಲಿ ಎತ್ತಿದ್ದರು. ಇವತ್ತು ಬೆಳಗಾಗುವುದರೊಳಗೆ, ಹೊಸದಾಗಿ ಕಟ್ಟಿದ ಕಲ್ಲಿನ ವರಸೆಗಳೆಲ್ಲ ಜಾರಿ ಕುಳಿತಿದ್ದವು.

ಪೆಂಚೊ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಮೇಡಂ ಎದುರಿಗೆ ನಿಂತಿದ್ದ. "ಆ ಕಡ್ಡೀನ ಇದ್ದಲ್ಲೇ ಇಟ್ಬಿಡಿ ಮೇಡಂ. ನಿಮಗೆ ಅದರಿಂದ ಏನಾಗ್ಬೇಕು?"

"ಅದು ಆಗ್ಲೇ ಮ್ಯೂಸಿಯಂ ಸೇರ್ತು ಮೇಸ್ತ್ರಿ. ಗೋಡೆ ಜಾರಿದ್ದು ಗುಂಡೀಲಿ ನೀರು ನಿಂತಿದ್ದಕ್ಕೆ. ಇಷ್ಟುದ್ದ ಕಡ್ಡಿ ಗೋಡೆ ಹಿಡ್ಕೊಂಡಿರುತ್ತಾ?"

"ಇಷ್ಟು ವರ್ಷ ಹಿಡ್ಕೊಂಡಿತ್ತಲ್ಲ."

ಅದು ಯಾರದೋ ನೆರಳಿನ ಅಳತೆ ಎಂಬುದು ಈ ಗುಡ್ಡದ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಗಾರೆಯವರು ಗೊತ್ತಾಗದ ಹಾಗೆ ಒಬ್ಬರ ನೆರಳನ್ನು ಕಡ್ಡಿಯಲ್ಲೋ ದಾರದಲ್ಲೋ ಅಳೆದು ಗೋಡೆಯೊಳಗೆ ಇಡುತ್ತಾರೆ. ಗೋಡೆ ನಿಲ್ಲುತ್ತದೆ, ನೆರಳಿನವರು ನಲವತ್ತು ದಿನ ದಾಟುವುದಿಲ್ಲ. ಚಿಕ್ಕಂದಿನಲ್ಲಿ ಮನೆ ಕಟ್ಟುವ ಕಡೆ ಹಾದುಹೋಗುವಾಗ ಗಿನ್ಕಾಳ ಅಮ್ಮ ಅವಳ ರಟ್ಟೆ ಹಿಡಿದು ಓಡಿಸುತ್ತಿದ್ದಳು. ಆಮೇಲೆ ಇದೇ ಕಾಲೇಜಿನಲ್ಲಿ ಓದಿದ ಮೇಲೆ ಗಿನ್ಕಾ ಅದನ್ನೆಲ್ಲ ನಂಬುವುದನ್ನು ಬಿಟ್ಟಿದ್ದಳು.

"ಮಾವ, ನಮ್ಮ ಪಕ್ಕದ್ಮನೆ ಕತ್ತೆ ನೆರಳು ಇಟ್ಬಿಡಿ," ಎಂದು ಕೂಗಿದಳು. "ಅದನ್ನ ಎಷ್ಟು ತಳ್ಳಿದ್ರೂ ನಿಂತಲ್ಲಿಂದ ಕದಲಲ್ಲ!"

ಮೇಡಂ ನಕ್ಕರು. ಸೊಸೆಯ ಮಾತಿಗೆ ಯಾವತ್ತೂ ಹೊಟ್ಟೆ ಹಿಡಿದುಕೊಂಡು ನಗುವ ಮಾವ ಇವತ್ತು ನಗಲಿಲ್ಲ. ಅವಳನ್ನೇ ಸ್ವಲ್ಪ ಹೊತ್ತು ನೋಡಿದ.

"ಬೆಳಿಗ್ಗೆ ಏನಾದ್ರೂ ತಿಂದ್ಯಾ ಮಗಳೇ?" ಎಂದ.

ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಕರಣೆಗಳ ಸದ್ದು ಶುರುವಾಗಿತ್ತು. ಸದ್ಯ, ಮುನಿಸು ಮುಗಿಯಿತಲ್ಲ ಎಂದುಕೊಂಡು ಗಿನ್ಕಾ ಗೋಡೆಯ ಪಕ್ಕದ ಜಾಲರಿಯ ಮೇಲೆ ಬೋಕಿಗಳನ್ನು ತಿರುವಿಹಾಕುತ್ತಿದ್ದಳು. ಬಿಸಿಲು ಬೆನ್ನಿಗಿತ್ತು. ಗಾರೆಯವರು ಕೈ ತೊಳೆದು ಸಾಮಾನು ಕೋಣೆಯ ಮೆಟ್ಟಿಲ ಮೇಲೆ ಬ್ರೆಡ್ಡು, ಉಪ್ಪುಗಿಣ್ಣು ಬಿಚ್ಚಿದರು. ಪೆಂಚೊ ಕೊನೆಗೆ ಹೋದ.

ಆರು ವರ್ಷದ ರಾಲಿತ್ಸಾ ಬಂದು ಅಮ್ಮನ ಲಂಗ ಜಗ್ಗಿದಳು. "ಅಮ್ಮಾ, ಅಜ್ಜ ನಂಗೆ ದಾರ ಕೊಡಲ್ವಂತೆ."

"ಯಾವ ದಾರ?"

"ಕೆಂಪುದು. ಈಗ ಮಂಡಿಯೂರಿ ನೆಲದ ಮೇಲೆ ಎಳೀತಿದ್ರಲ್ಲ, ಅದು. ಕೇಳಿದ್ರೆ ಶ್ ಅಂದ್ರು. ಸುತ್ತಿ ಗೋಡೆ ಒಳಗೆ ಇಟ್ಬಿಟ್ರು."

ಗಿನ್ಕಾಳ ಕೈಯಲ್ಲಿದ್ದ ಬೋಕಿ ಜಾಲರಿಯ ಮೇಲೆ ಬಿತ್ತು. "ಆಗ ನೀನೆಲ್ಲಿ ನಿಂತಿದ್ದೆ?"

"ಇಲ್ಲೇ. ನಿನ್ನ ಹತ್ರ."

"ಎಲ್ಲಿಟ್ರು? ತೋರ್ಸು."

ಮಗು ತೋರಿಸಿದ ಕಡೆ ಗಾರೆ ಇನ್ನೂ ಹಸಿಯಾಗಿತ್ತು. ಗಿನ್ಕಾ ಎರಡು ಬೆರಳು ತೂರಿಸಿದಳು. ಸುಣ್ಣ ಉಗುರಿನ ಸಂದಿಯಲ್ಲಿ ಉರಿಯಿತು. ಒಳಗೆ ಮೆತ್ತಗೆ ಏನೋ ಸಿಕ್ಕಿತು. ಎಳೆದರೆ ಕೆಂಪು ಉಣ್ಣೆಯ ಸಿಂಬೆ. ಬರೀ ದಾರ, ಬರೀ ದಾರ ಎಂದು ತನಗೆ ತಾನೇ ಹೇಳಿಕೊಳ್ಳುತ್ತಲೇ ಮಗಳನ್ನು ಬಿಸಿಲಿಗೆ ನಿಲ್ಲಿಸಿದಳು. "ಅಲ್ಲಾಡ್ಬೇಡ ಕಂದಾ." ಪುಟ್ಟ ಪಾದದ ಹಿಮ್ಮಡಿಗೆ ದಾರದ ತುದಿ ಒತ್ತಿ ಬಿಡಿಸುತ್ತಾ ಹೋದಳು. ಮಗುವಿನ ನೆರಳು ಮುಗಿಯಿತು. ದಾರ ಮುಗಿಯಲಿಲ್ಲ. ಇನ್ನೂ ಒಂದು ಮೊಳ ಉಳಿದಿತ್ತು.

ಅವಳಿಗೆ ಅಳು ಬಂತು, ನಗುವೂ ಬಂತು. ಮಗಳನ್ನು ಬಾಚಿ ತಬ್ಬಿ, ಆಡಲು ಬಿಟ್ಟು, ಎದ್ದು ನಿಂತಳು. ಆಗ ನೆಲದ ಮೇಲೆ, ದಾರದ ಪಕ್ಕದಲ್ಲಿ, ಅವಳ ನೆರಳೂ ಎದ್ದು ನಿಂತಿತು. ದಾರ ಮುಗಿದಲ್ಲೇ ಅದರ ತಲೆ ಮುಗಿದಿತ್ತು.

"ಮಗುದು ಅಲ್ಲ." ಹಿಂದೆ ಪೆಂಚೊ ನಿಂತಿದ್ದ, ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು. "ಮಗುದು ತಗೊಳ್ಳೋಕೆ ನಾನು ಬಿಡ್ತೀನಾ?"

"ನಂದು ತಗೋಬಹುದಾ ಮಾವ?"

"ನನ್ನದನ್ನ ನಾನೇ ಅಳೆಯೋ ಹಾಗಿಲ್ಲ ತಾಯಿ. ಈ ಗಾರೆಯವರ ಕೈಗೆ ದಾರ ಕೊಟ್ಟು ಬೇಡ್ಕೊಂಡೆ. ಮುದುಕನ ನೆರಳು ಗೋಡೆ ಹಿಡಿಯಲ್ಲ ಅಂದ್ರು." ಅವನು ಬ್ರೆಡ್ಡನ್ನು ಜೇಬಿಗೆ ತುರುಕಿದ. "ನಿನ್ನ ನೆರಳು ಗೋಡೆ ಮೇಲೆ ಬಿತ್ತು. ಅದರ ಪಕ್ಕದಲ್ಲೇ ಮಗುದೂ ಬಿತ್ತು. ಎರಡರಲ್ಲಿ ಒಂದು ಅಂದ್ರು."

"ಇದನ್ನ ಒಲೆಗೆ ಹಾಕ್ತೀನಿ."

"ಹಾಕು. ನಾನು ತಡೆಯಲ್ಲ." ಮುದುಕ ದನಿ ತಗ್ಗಿಸಿದ. "ಆದ್ರೆ ಆ ಕಡೆ ನೋಡು."

ಮೆಟ್ಟಿಲ ಮೇಲಿನ ಗಂಡಸರು ಊಟ ನಿಲ್ಲಿಸಿದ್ದರು. ಅವರು ನೋಡುತ್ತಿದ್ದದ್ದು ಗಿನ್ಕಾಳನ್ನಲ್ಲ. ರಾಲಿತ್ಸಾ ಗೋಡೆಯುದ್ದಕ್ಕೂ ಒಂಟಿಕಾಲಲ್ಲಿ ಕುಂಟುತ್ತಾ ಹೋಗುತ್ತಿದ್ದಳು. ಅವಳ ಪುಟ್ಟ ನೆರಳು ಕಲ್ಲುಗಳನ್ನು ಸವರುತ್ತಾ ಜೊತೆಗೇ ಕುಂಟುತ್ತಿತ್ತು.

ಗಿನ್ಕಾ ಬಗ್ಗಿ ದಾರ ಎತ್ತಿಕೊಂಡಳು. ನಿಧಾನವಾಗಿ, ಹೆಣಿಗೆಯ ಉಂಡೆ ಸುತ್ತುವ ಹಾಗೆ ಸುತ್ತಿದಳು. ಹಸಿಗಾರೆಯೊಳಗೆ ತೂರಿಸಿ, ಹೆಬ್ಬೆರಳಿನಿಂದ ಸಂದಿ ಮುಚ್ಚಿ, ಮೇಲೊಂದು ಸಲ ಸವರಿದಳು. ಮೆಟ್ಟಿಲ ಮೇಲೆ ಯಾರೋ ಮತ್ತೆ ಈರುಳ್ಳಿ ಹೆಚ್ಚತೊಡಗಿದರು.

"ರಾಲಾ, ಮರದ ಕೆಳಗೆ ಹೋಗು. ತಲೆ ಸುಡುತ್ತೆ."

ಮಗು ಅಕ್ರೋಟು ಮರದ ಕಡೆಗೆ ಓಡಿತು. ಅದರ ನೆರಳು ಮರದ ನೆರಳಿನೊಳಗೆ ಕರಗಿ ಕಾಣದಾಗುವವರೆಗೂ ಗಿನ್ಕಾ ಕಣ್ಣು ಮಿಟುಕಿಸದೆ ನೋಡುತ್ತಾ ನಿಂತಳು.